ಬ್ಯಾಂಡು ಕೆಟ್ಟಿತೋ, ಕಿವಿ ಬದಲಾಯಿತೋ

ಕಳೆದ ವಾರ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಾಸ್ಟೆಲ್ ಕಾಲದ ಗೆಳೆಯನೊಬ್ಬ ಸಿಕ್ಕ. ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ರಾತ್ರಿಯೆಲ್ಲ ಮೆಟಲ್ ಕೇಳಿದವರು ನಾವು. ಮನೆ, ಮಕ್ಕಳು, ಬಾಳೆ ರೇಟು ಎಲ್ಲ ಮಾತಾಡಿ ಮುಗಿದ ಮೇಲೆ ಕೇಳಿದೆ: "ಡಿಮ್ಮು ಬೋರ್ಗಿರ್ ಈಗ್ಲೂ ಕೇಳ್ತಿಯೇನು?"

"ಅವ್ರು ಯಾವಾಗೋ ಕೆಟ್ರು ಬಿಡಪ. ಮೊದ್ಲಿನಂಗ ಎಲ್ಲೈತಿ?"

"2018ರಾಗ ಇಯಾನಿಯನ್ ಅಂತ ಒಂದು ಆಲ್ಬಮ್ ಬಂತಲ್ಲ, ಕೇಳಿದ್ಯಾ?"

"ಇಲ್ಲ. ಯಾಕ ಕೇಳ್ಲಿ?"

ಅಷ್ಟರಲ್ಲಿ ಬಸ್ಸು ಬಂತು. ಕಮಲಾಪುರ ದಾಟಿ ಬುಕ್ಕಸಾಗರ ಮುಟ್ಟುವವರೆಗೂ ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಕೇಳದೆಯೇ ಕೆಟ್ಟರು ಅನ್ನುವುದು ಹೇಗೆ? ಹಾಗೆ ನೋಡಿದರೆ ನಾನೂ ಎಷ್ಟು ಬ್ಯಾಂಡುಗಳನ್ನು ಹೀಗೆ ಬಿಟ್ಟಿದ್ದೇನೆ?

ಈ ಸಂಗೀತ ಕೇಳಿ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಬ್ಲ್ಯಾಕ್ ಮೆಟಲ್ 1990ರ ದಶಕದಲ್ಲಿ ನಾರ್ವೆ, ಸ್ವೀಡನ್ ಕಡೆ ಬಲಿತ ಸಂಗೀತ. ಗಿಟಾರಿನ ತಂತಿಯನ್ನು ಎಡೆಬಿಡದೆ ಮೀಟಿ ಸ್ವರ ತುಂಡಾಗದ ಹಾಗೆ ಹರಿಸುತ್ತಾರೆ. ಅದರಡಿಯಲ್ಲಿ ಡ್ರಮ್ಮಿನ ಬಿರುಸು, ಮೇಲೆ ಗಂಟಲು ಸೀಳಿ ಬರುವ ಕೂಗು. ಅದೇ ಬಿರುಸಿನ ನಡುವೆ ಗುನುಗಿಕೊಳ್ಳಬಹುದಾದ ರಾಗದ ಎಳೆಯೊಂದನ್ನು ಮುಂದೆ ತಂದರೆ ಅದು ಮೆಲೋಡಿಕ್ ಬ್ಲ್ಯಾಕ್ ಮೆಟಲ್. ಮೊದಲ ಸಲ ಕೇಳಿದವರಿಗೆ ಬರೀ ಗದ್ದಲ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ತೆಗೆದಾಗ ನಮ್ಮೂರ ಹೊಳೆದಂಡೆಗೆ ಹೋಗಿ ನಿಂತರೆ ಮೊದಲು ಕಿವಿಗೆ ಬೀಳುವುದು ಒಂದೇ ಭೋರ್ಗರೆತ. ಹತ್ತು ನಿಮಿಷ ನಿಂತಿರಿ. ಎರಡು ಬಂಡೆಗಳ ಸಂದಿಯಲ್ಲಿ ನುಗ್ಗುವ ನೀರಿನ ಸದ್ದು ಬೇರೆ, ಬಂಡೆ ಹತ್ತಿ ಜಾರುವ ನೀರಿನದು ಬೇರೆ, ದಂಡೆಯ ಜೊಂಡಿನಲ್ಲಿ ಸಿಕ್ಕಿಕೊಂಡದ್ದು ಬೇರೆ ಎಂದು ಗೊತ್ತಾಗತೊಡಗುತ್ತದೆ. ಈ ಸಂಗೀತವನ್ನು ಕೇಳಬೇಕಾದದ್ದೂ ಹಾಗೆಯೇ, ನಿಂತು.

ನಾರ್ವೆಯ ಡಿಮ್ಮು ಬೋರ್ಗಿರ್ ಬ್ಯಾಂಡಿಗೆ ಆ ಹೆಸರು ಬಂದದ್ದು ಐಸ್‌ಲ್ಯಾಂಡಿನ ಮೀವಟ್ನ್ ಸರೋವರದ ಹತ್ತಿರದ ಒಂದು ಕಲ್ಲುಗಾಡಿನಿಂದ. ಸುಮಾರು 2300 ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿ ಕಂಬ, ಕಮಾನು, ಗುಹೆಗಳಾದ ಜಾಗ ಅದು. ಕತ್ತಲ ಕೋಟೆಗಳು ಎಂಬುದು ಹೆಸರಿನ ಅರ್ಥ. ನಾನು ಹುಟ್ಟಿ ಬೆಳೆದದ್ದು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಗುಂಡುಗಳ ನಡುವೆ. ಅಮಾವಾಸ್ಯೆಯ ರಾತ್ರಿ ಆನೆಗೊಂದಿ ಕಡೆಯ ಗುಡ್ಡಗಳು ಕಪ್ಪು ಕೋಟೆಗಳ ಹಾಗೇ ಕಾಣುತ್ತವೆ. ಎಲ್ಲಿಯೋ ಉತ್ತರದ ಹಿಮದವರ ಸಂಗೀತ ನಮ್ಮ ಬಿಸಿಲುನಾಡಿನ ಹುಡುಗನ ಎದೆಗೆ ಯಾಕೆ ಇಳಿಯಿತು ಎಂದು ಜನ ಕೇಳಿದರೆ ನಾನು ಈ ಗುಡ್ಡಗಳ ಕಡೆ ಕೈ ತೋರಿಸುತ್ತೇನೆ.

ಬ್ಯಾಂಡು ಶುರುವಾದದ್ದು 1993ರಲ್ಲಿ. ಮೊದಲೆರಡು ಆಲ್ಬಮ್ಮುಗಳನ್ನು, ಅಂದರೆ 1995ರ 'ಫೋರ್ ಆಲ್ ಟಿಡ್' ಮತ್ತು 1996ರ 'ಸ್ಟೋರ್ಮ್‌ಬ್ಲೋಸ್ಟ್' ಅನ್ನು, ಅವರು ತಮ್ಮ ನಾರ್ವೇಜಿಯನ್ ನುಡಿಯಲ್ಲೇ ಹಾಡಿದರು. 1997ರಲ್ಲಿ ಜರ್ಮನಿಯ ದೊಡ್ಡ ಲೇಬಲ್ ನ್ಯೂಕ್ಲಿಯರ್ ಬ್ಲಾಸ್ಟ್ ಸೇರಿ, ಸ್ವೀಡನ್ನಿನ ಅಬಿಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ, ಹೆಚ್ಚೂಕಡಿಮೆ ಪೂರ್ತಿ ಇಂಗ್ಲಿಷಿನಲ್ಲಿ 'ಎನ್‌ಥ್ರೋನ್ ಡಾರ್ಕ್‌ನೆಸ್ ಟ್ರಯಂಫಂಟ್' ತಂದರು. ಹಳೆಯ ಅಭಿಮಾನಿಗಳ ಪಾಲಿಗೆ ಅವರು ಕೆಟ್ಟದ್ದು ಅಲ್ಲಿಂದಲೇ. 2003ರ 'ಡೆತ್ ಕಲ್ಟ್ ಆರ್ಮಗೆಡನ್'ನಲ್ಲಿ ಪ್ರಾಗ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಕೂತಿತು; ಇನ್ನೊಂದಷ್ಟು ಜನರಿಗೆ ಕೆಟ್ಟದ್ದು ಆಗ. 2007ರ 'ಇನ್ ಸೋರ್ಟೆ ಡಯಾಬೊಲಿ' ನಾರ್ವೆಯ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2010ರಲ್ಲಿ ನಾರ್ವೆ ರೇಡಿಯೋದ ವಾದ್ಯವೃಂದ, ಜತೆಗೊಂದು ದೊಡ್ಡ ಗಾಯನ ತಂಡ. ಹೀಗೆ ಒಬ್ಬೊಬ್ಬರದು ಒಂದೊಂದು ವರ್ಷ. ಯಾವ ಆಲ್ಬಮ್ಮಿನಿಂದ ಒಳಗೆ ಬಂದೆ ಎಂದು ಕೇಳಿದರೆ ಸಾಕು, ಯಾವುದರಲ್ಲಿ ಕೆಟ್ಟರು ಅನ್ನುತ್ತಾನೆ ಎಂಬುದನ್ನು ನಾನೇ ಹೇಳಬಲ್ಲೆ.

ನಾನು ಒಳಗೆ ಬಂದದ್ದು 2004ರಲ್ಲಿ, ಬಳ್ಳಾರಿಯ ಹಾಸ್ಟೆಲಿನಲ್ಲಿ. ಬೆಂಗಳೂರಿನಿಂದ ಯಾರೋ ತಂದ ಒಂದು ಎಂಪಿ3 ಸಿ.ಡಿ., ಅದರಲ್ಲಿ ನೂರಾರು ಹಾಡು. ಹೆಚ್ಚು ಹಾಡು ತುಂಬಲೆಂದು ಪ್ರತಿಯೊಂದನ್ನೂ 128 ಕೆಬಿಪಿಎಸ್‌ಗೆ ಹಿಂಡಿ ಇಟ್ಟಿದ್ದರು. ಹಾಗೆ ಹಿಂಡಿದಾಗ ಮೊದಲು ಹೋಗುವುದು ಮೇಲಿನ ಸೂಕ್ಷ್ಮ ಸ್ವರಗಳು. ಸಿಂಬಲ್ ಹೊಡೆದರೆ ಒಗ್ಗರಣೆ ಚುರ್ ಅಂದ ಹಾಗೆ ಕೇಳುತ್ತಿತ್ತು. ಗಿಟಾರು ಮಂಜಿನಲ್ಲಿ ಮುಳುಗಿರುತ್ತಿತ್ತು. ಆ ಮಂಜಿನ ಮೇಲೆ ಸ್ಪಷ್ಟವಾಗಿ ತೇಲುತ್ತಿದ್ದದ್ದು ಕೀಬೋರ್ಡು ಮತ್ತು ವಾದ್ಯವೃಂದ ಮಾತ್ರ. ನಾವು ಅವುಗಳಿಗೇ ಮರುಳಾದೆವು. ಡಿಮ್ಮು ಬೋರ್ಗಿರ್ ಅಂದರೆ ಕೀಬೋರ್ಡು ಎಂದು ನಾಲ್ಕು ವರ್ಷ ವಾದ ಮಾಡಿದೆ.

ಆಮೇಲೆ ಸಂಬಳ ಬಂತು, ಒರಿಜಿನಲ್ ಸಿ.ಡಿ. ಬಂತು, ಒಳ್ಳೆಯ ಹೆಡ್‌ಫೋನ್ ಬಂತು. 'ಡೆತ್ ಕಲ್ಟ್ ಆರ್ಮಗೆಡನ್' ಹಾಕಿ ಕೂತಾಗ ನಾನು ನಾಲ್ಕು ವರ್ಷ ಕೇಳಿದ್ದು ಬೇರೆಯೇ ಆಲ್ಬಮ್ ಅನ್ನಿಸಿತು. ಗಿಟಾರು ಎದುರಿಗೇ ಇತ್ತು. ಎಷ್ಟೋ ಕಡೆ ವಾದ್ಯವೃಂದವೂ ಗಿಟಾರೂ ಒಂದೇ ಸಾಲನ್ನು ನುಡಿಸುತ್ತಿದ್ದವು, ಒಂದರ ಮೇಲೊಂದು ಬಿದ್ದು. ಆಗ ಭವ್ಯ ಅನ್ನಿಸಿದ್ದು ಈಗ ತೇರಿನ ದಿನದ ನೂಕುನುಗ್ಗಲು ಅನ್ನಿಸಿತು. 'ಪ್ರೋಜೆನೀಸ್ ಆಫ್ ದಿ ಗ್ರೇಟ್ ಅಪೋಕ್ಯಾಲಿಪ್ಸ್' ಒಂದು ಮಾತ್ರ ಅಲುಗಾಡಲಿಲ್ಲ. ಅದರಲ್ಲಿ ಕಹಳೆಗಳು ಗಿಟಾರಿಗೆ ಜಾಗ ಬಿಟ್ಟು ನಿಂತಿವೆ. ಇವತ್ತಿಗೂ ಅದು ದೊಡ್ಡ ಹಾಡೇ. ಉಳಿದದ್ದರ ಬಗ್ಗೆ ನನ್ನ ಅಭಿಪ್ರಾಯ ಇಳಿಯಿತು. ಬ್ಯಾಂಡು ಒಂದು ಸ್ವರವನ್ನೂ ಬದಲಿಸಿರಲಿಲ್ಲ.

ಇನ್ನೊಂದು ಸಲ ಅಭಿಪ್ರಾಯ ಅಲುಗಿದ್ದು ಕಿವಿಯಿಂದಲ್ಲ, ಸುದ್ದಿಯಿಂದ. 'ಸ್ಟೋರ್ಮ್‌ಬ್ಲೋಸ್ಟ್' ಶುರುವಾಗುವ ಆ ವಿಷಾದದ ಕೀಬೋರ್ಡ್ ಸಾಲು ಮ್ಯಾಗ್ನಮ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ 'ಸೇಕ್ರೆಡ್ ಅವರ್' ಹಾಡಿನದು. ಅದೇ ಆಲ್ಬಮ್ಮಿನ 'ಸೋರ್ಗೆನ್ಸ್ ಕಾಮರ್' ಎಂಬ ವಾದ್ಯದ ತುಣುಕು 'ಅಗೊನಿ' ಎಂಬ 1992ರ ಅಮಿಗಾ ಕಂಪ್ಯೂಟರ್ ಆಟದ ಸಂಗೀತ. ಅದನ್ನು ರಚಿಸಿದವರು ಟಿಮ್ ರೈಟ್. ಆಗಿನ ಕೀಬೋರ್ಡ್ ವಾದಕ ತಂದುಕೊಟ್ಟ ಸ್ವರಗಳು ಎಲ್ಲಿಯವು ಎಂದು ಮಿಕ್ಕವರಿಗೆ ತಿಳಿದಿರಲಿಲ್ಲ ಎಂಬುದು ಬ್ಯಾಂಡಿನವರ ಮಾತು. 2005ರಲ್ಲಿ ಅವರು ಇಡೀ ಆಲ್ಬಮ್ಮನ್ನು ಹೊಸದಾಗಿ ನುಡಿಸಿದರು. ಎರವಲು ಸ್ವರಗಳನ್ನು ತೆಗೆದರು, ಮೇಹೆಮ್ ಬ್ಯಾಂಡಿನ ಹೆಲ್‌ಹ್ಯಾಮರ್ ಡ್ರಮ್ ಹಿಡಿದರು.

ವಿಷಯ ತಿಳಿದ ದಿನ ನನಗೆ ಆದದ್ದು ನಿಜವಾದ ಸಂಕಟ. ಮನೆಯ ಹಳೆಯ ಫೋಟೋದಲ್ಲಿರುವವರು ನಮ್ಮವರೇ ಅಲ್ಲ ಎಂದು ಯಾರೋ ಹೇಳಿದ ಹಾಗೆ. ಆ ಮೊದಲ ಎರಡು ನಿಮಿಷವನ್ನು ನಾನು ಪ್ರೀತಿಸಿದಷ್ಟು ಆ ಬ್ಯಾಂಡಿನ ಬೇರೇನನ್ನೂ ಪ್ರೀತಿಸಿರಲಿಲ್ಲ. ಹೊಸದನ್ನು ಕೇಳಿದೆ: ಚೊಕ್ಕ, ಬಲವಾದ ಡ್ರಮ್, ಯಾವ ಕಳಂಕವೂ ಇಲ್ಲ. ಆದರೆ ಹಳೆಯದರ ಚಳಿ ಅಲ್ಲಿಲ್ಲ. ಹಳೆಯದನ್ನು ಹಾಕಿದೆ: ಡಬ್ಬದೊಳಗೆ ನುಡಿಸಿದ ಹಾಗಿನ ಡ್ರಮ್, ತೆಳ್ಳನೆಯ ಗಿಟಾರು, ಎರವಲು ಮುನ್ನುಡಿ. ಆ ಮುನ್ನುಡಿ ಮುಗಿದ ಮೇಲೆ ಬರುವ ಗಿಟಾರಿನ ಸಾಲು ಮಾತ್ರ ಅವರದೇ. ಕದ್ದದ್ದು ಕಣ್ಣಿಗೆ ಬಿದ್ದ ಮೇಲೆ ಕದಿಯದೇ ಮಾಡಿದ್ದರ ಬೆಲೆ ನನಗೆ ತಿಳಿಯಿತು.

ಇದಕ್ಕಿಂತ ಭಾರವಾದದ್ದೂ ಈ ಸಂಗೀತದಲ್ಲಿದೆ. ಸ್ವೀಡನ್ನಿನ ಡಿಸೆಕ್ಷನ್ ಬ್ಯಾಂಡಿನ 1995ರ 'ಸ್ಟಾರ್ಮ್ ಆಫ್ ದಿ ಲೈಟ್ಸ್ ಬೇನ್' ಈ ಪ್ರಕಾರದ ಶಿಖರ. ಅದನ್ನು ಕಟ್ಟಿದ ಯೋನ್ ನೊಡ್ಟ್‌ವೀಟ್ ಒಬ್ಬ ಅಮಾಯಕನ ಕೊಲೆಯಲ್ಲಿ ಭಾಗಿಯಾಗಿ ಜೈಲು ಕಂಡವನು. ಆಲ್ಬಮ್ ಚೆನ್ನಾಗಿದೆ ಎನ್ನುವವರು ಈ ಮಾತನ್ನೂ ಕೂಡಿಸಿಯೇ ಹೇಳಬೇಕು. ನಾನು ಅದನ್ನು ಕೇಳುವುದು ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿಲ್ಲ.

ನಮ್ಮ ಕಡೆ ದೊಡ್ಡಾಟ ನೋಡುವ ಹಿರಿಯರೊಬ್ಬರಿದ್ದರು. ಚಿಕ್ಕವನಿದ್ದಾಗ ಅವರ ಪಕ್ಕ ಚಾಪೆ ಹಾಸಿ ಕೂರುತ್ತಿದ್ದೆ. ಮೇಳದಲ್ಲಿ ಹಾರ್ಮೋನಿಯಂ ಅವರಿಗೆ ಹಿಡಿಸುತ್ತಿರಲಿಲ್ಲ. "ಪೇಟಿ ಬಂದ ಮ್ಯಾಲ ಭಾಗವತನ ದನಿ ಮಲಗೇಬಿಡ್ತು" ಅನ್ನುತ್ತಿದ್ದರು. ಕೀಬೋರ್ಡು ಬಂದು ಬ್ಲ್ಯಾಕ್ ಮೆಟಲ್ ಕೆಟ್ಟಿತು ಎಂದು ನಾರ್ವೆಯ ಹಳಬರು ಅಂದ ಮಾತೂ ಹೆಚ್ಚುಕಡಿಮೆ ಅದೇ. ಆದರೆ ಆ ತಾತ ಬೆಳ್ಳಿ ಮೂಡುವವರೆಗೂ ಮುಂದಿನ ಸಾಲಿನಿಂದ ಏಳುತ್ತಿರಲಿಲ್ಲ. ಬೈಯುವುದಿದ್ದರೆ ಮಂಗಳ ಆದ ಮೇಲೆ ಬೈಯುತ್ತಿದ್ದರು, ಇಂಥ ಪದದಲ್ಲಿ ಇಂಥ ಕಡೆ ಪೇಟಿ ಮುಂದಾಯಿತು ಎಂದು ಬೆರಳಿಟ್ಟು. ಬಸ್ ಸ್ಟ್ಯಾಂಡಿನ ನನ್ನ ಗೆಳೆಯನಿಗೂ ಆ ತಾತನಿಗೂ ಇರುವ ವ್ಯತ್ಯಾಸ ಅದೊಂದೇ, ಅದು ಸಣ್ಣದಲ್ಲ.

ಆ ಗೆಳೆಯನ ಹಾಗೆ ನಾನೂ ತಪ್ಪಿದ್ದು ಕ್ರಿಪ್ಟೋಸ್ ವಿಷಯದಲ್ಲಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಬ್ಯಾಂಡು 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ನಮ್ಮ ನಾಡಿನ ಮೆಟಲ್ ಕೇಳುಗರಿಗೆ ಅದು ಹಬ್ಬದ ದಿನ. 2004ರ 'ಸ್ಪೈರಲ್ ಅಸೆಂಟ್', 2008ರ 'ದಿ ಆರ್ಕ್ ಆಫ್ ಜೆಮಿನೈ' ನನಗೆ ಬಾಯಿಪಾಠ. ಉದ್ದುದ್ದ ಹಾಡು, ತಿರುವು ಮುರುವು. 2016ರಲ್ಲಿ 'ಬರ್ನ್ ಅಪ್ ದಿ ನೈಟ್' ಬಂದಾಗ ಹಾಡುಗಳು ಚಿಕ್ಕವಾಗಿ, ನೇರವಾಗಿ, 1980ರ ದಶಕದ ಹೆವಿ ಮೆಟಲ್ಲಿನ ಜೋಡಿ ಗಿಟಾರಿನ ದಾರಿ ಹಿಡಿದಿದ್ದವು. ಎರಡು ಹಾಡು ಕೇಳಿ, "ಇವ್ರೂ ಕೆಟ್ರು" ಅಂದೆ, ನಾಲ್ಕು ಜನರ ಮುಂದೆ. 2019ರಲ್ಲಿ 'ಆಫ್ಟರ್‌ಬರ್ನರ್' ಬಂದಾಗ ಕಡೇಬಾಗಿಲು ಸೇತುವೆಯ ಮೇಲೆ ಸಂಜೆ ನಡೆಯುತ್ತ ಅದನ್ನು ಪೂರ್ತಿ ಕೇಳಿದೆ, ಮನೆಗೆ ಬಂದು 2016ರದ್ದನ್ನೂ ಪೂರ್ತಿ ಕೇಳಿದೆ. ಉದ್ದ ಕಡಿಮೆ ಮಾಡಿ ಅವರು ರಾಗ ಹೆಚ್ಚಿಸಿದ್ದರು. ಮೇಲಿನ ಆ ಒರಟು ಗಂಟಲು ಹಾಗೇ ಇತ್ತು. ಅದರಡಿ ಎರಡು ಗಿಟಾರು ಅಕ್ಕತಂಗಿಯರ ಹಾಗೆ ಕೈ ಹಿಡಿದು ಹೋಗುತ್ತಿದ್ದವು. ನಾನು ಅಂದದ್ದು ತಪ್ಪು. ಅದನ್ನು ಆ ನಾಲ್ವರಿಗೂ ಫೋನು ಮಾಡಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಬೆಂಗಳೂರಿನದೇ ಇನ್ನೊಂದು ಬ್ಯಾಂಡು ದ್ವೇಷ. ಇದು ಬ್ಲ್ಯಾಕ್ ಅಲ್ಲ, ಡೆತ್ ಮೆಟಲ್, ಹಾಡುವುದು ಕನ್ನಡದಲ್ಲಿ. 2014ರಲ್ಲಿ ಇವರ 'ಸ್ತೂಪ' ಬಂದಾಗ ನಾನು ಮೆಚ್ಚಿದ್ದು ಕನ್ನಡ ಎಂಬ ಒಂದೇ ಕಾರಣಕ್ಕೆ. ಸ್ನೇಹಿತರಿಗೆಲ್ಲ ಹಂಚಿದೆ, ಕೇಳಿದ್ದು ಕಡಿಮೆ. ಅದರಲ್ಲಿ 'ಉಗ್ರ ನರಸಿಂಹ' ಎಂಬ ಹಾಡಿದೆ. ಒಂದು ಮಧ್ಯಾಹ್ನ ಅದನ್ನು ಕೇಳಿ, ಬೈಕು ಹತ್ತಿ ಹಂಪಿಗೆ ಹೋಗಿ ನರಸಿಂಹನ ಮುಂದೆ ನಿಂತೆ.

ಹುಟ್ಟಿದಾಗಿನಿಂದ ನೋಡಿದ ಮೂರ್ತಿ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದದ್ದು, 6.7 ಮೀಟರ್ ಎತ್ತರ. ಗುಡ್ಡೆಗಣ್ಣು, ತೆರೆದ ಬಾಯಿ, ನೆತ್ತಿಯ ಮೇಲೆ ಹೆಡೆ. ಉಗ್ರ ನರಸಿಂಹ ಎಂದೇ ನಾವೆಲ್ಲ ಕರೆದದ್ದು. ಆದರೆ ಆತನ ತೊಡೆಯ ಮೇಲೆ ಲಕ್ಷ್ಮಿ ಇದ್ದಳು, ಆಕೆಯನ್ನು ಒಡೆದುಹಾಕಿದ್ದಾರೆ. ಪಕ್ಕಕ್ಕೆ ಸರಿದು ನೋಡಿದರೆ ಗಂಡನನ್ನು ಬಳಸಿದ ಆಕೆಯ ಒಂದು ಕೈ ಮಾತ್ರ ಬೆನ್ನಿಗೆ ಅಂಟಿಕೊಂಡು ಉಳಿದಿದೆ. ಹೆಂಡತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತ ಲಕ್ಷ್ಮೀನರಸಿಂಹ ಅವನು. ಎಷ್ಟು ವರ್ಷ ಎದುರಿಗಷ್ಟೇ ನಿಂತು ನೋಡಿ ಉಗ್ರ ಎಂದುಕೊಂಡಿದ್ದೆ. ಮನೆಗೆ ಬಂದು 'ಸ್ತೂಪ'ವನ್ನು ಮೊದಲಿನಿಂದ ಹಾಕಿದೆ. ಆ ಗರ್ಜನೆಯ ಕೆಳಗೆ, ಕಿವಿಗೊಟ್ಟರೆ ಮಾತ್ರ ಸಿಗುವ, ನಿಧಾನದ ಒಂದು ದುಃಖದ ಗಿಟಾರು ಇದೆ. ಅಷ್ಟು ದಿನ ಅದು ನನಗೆ ಕೇಳಿರಲೇ ಇಲ್ಲ. ಕನ್ನಡದ್ದು ಎಂಬ ಅಭಿಮಾನ ಬದಿಗಿಟ್ಟು ಹೇಳುತ್ತೇನೆ, ಅದು ಒಳ್ಳೆಯ ಆಲ್ಬಮ್.

'ಇಯಾನಿಯನ್' ಬಗ್ಗೆ ಗೆಳೆಯನಿಗೆ ಏನು ಹೇಳಲಿ? ಈ ವಾರ ಅದನ್ನು ಮೂರು ಸಲ ಕೇಳಿದೆ. ಗಾಯನ ತಂಡದ ಬಳಕೆ ಅತಿಯಾಗಿದೆ, ಬಿರುಸು ಕಡಿಮೆಯಾಗಿದೆ, ಎರಡು ಮೂರು ಹಾಡು ಸಪ್ಪೆ. ಆದರೆ ಕೊನೆಯ ವಾದ್ಯದ ಹಾಡಿನಲ್ಲಿ ಗಿಟಾರು ಒಂಟಿಯಾಗಿ ಹಳೆಯ ಹಾದಿ ಹಿಡಿಯುವಾಗ 1996ರ ಆ ಚಳಿ ಒಂದು ಗಳಿಗೆ ಬಂದು ಹೋಗುತ್ತದೆ. ಕೆಟ್ಟರು ಅನ್ನುವಷ್ಟು ಕೆಟ್ಟಿಲ್ಲ, ಹಳೆಯದಕ್ಕೆ ಸಮ ಅನ್ನುವಷ್ಟು ಒಳ್ಳೆಯದೂ ಅಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನೀವು ಕೆಟ್ಟಿತು ಎಂದು ಬಿಟ್ಟ ಬ್ಯಾಂಡು, ಗಾಯಕ, ಮೇಳ ಯಾವುದೇ ಇರಲಿ, ಅವರು ಇತ್ತೀಚೆಗೆ ಮಾಡಿದ್ದನ್ನು ಈ ವಾರ ಒಂದು ಸಲ ಮೊದಲಿನಿಂದ ಕೊನೆಯವರೆಗೆ ಕೇಳಿ. ಆಮೇಲೂ ಕೆಟ್ಟಿದೆ ಅನ್ನಿಸಿದರೆ ಎಲ್ಲಿ, ಯಾವ ಹಾಡಿನಲ್ಲಿ ಎಂದು ಬರೆದು ಕಳಿಸಿ.