ಪಾಲಿಶ್ ಹಚ್ಚುವ ಮುನ್ನ ಒಳಗೆ ಟಾರ್ಚ್ ಬಿಡಿ

ಕ್ವೆಂಟಿನ್ ಟರಂಟಿನೊ ಅವರ ‘ದಿ ಹೇಟ್‌ಫುಲ್ ಎಯ್ಟ್’ (2015) ಚಿತ್ರದಲ್ಲಿ ಕರ್ಟ್ ರಸೆಲ್ ನಟಿಯ ಕೈಯಿಂದ ಗಿಟಾರ್ ಕಿತ್ತುಕೊಂಡು ಬಡಿದು ಪುಡಿಗಟ್ಟುತ್ತಾರೆ. ಒಡೆಯಬೇಕಾಗಿದ್ದದ್ದು ನಕಲು, ಒಡೆದದ್ದು ಅಸಲು. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ವಸ್ತುಸಂಗ್ರಹಾಲಯದಿಂದ ಎರವಲು ಕೊಟ್ಟಿದ್ದ 1870ರ ದಶಕದ ವಾದ್ಯ ಅದು. ಆ ನಟಿ ಜೆನಿಫರ್ ಜೇಸನ್ ಲೀ ಗಾಬರಿಬಿದ್ದದ್ದು ನಟನೆಯಲ್ಲ. ಆ ದೃಶ್ಯ ಹಾಗೆಯೇ ಚಿತ್ರದಲ್ಲಿ ಉಳಿದಿದೆ. ಇನ್ನು ಸಿನಿಮಾದವರಿಗೆ ಗಿಟಾರ್ ಕೊಡುವ ಮಾತೇ ಇಲ್ಲ ಎಂದು ಕಂಪನಿ ಕೈಮುಗಿಯಿತು.

ನಟನನ್ನು ದೂರಿ ಫಲವಿಲ್ಲ. ಹೊರಗಿನಿಂದ ನೋಡಿದರೆ ಹಳೆಯ ಗಿಟಾರಿಗೂ ಅದರ ನಕಲಿಗೂ ಫರಕು ಕಾಣುವುದು ಅಪರೂಪ. ಪಳಗಿದ ವ್ಯಾಪಾರಿ ಅದಕ್ಕೇ ತಲೆಯ ಮೇಲಿನ ಹೆಸರಿನತ್ತ ಕೊನೆಗೆ ಕಣ್ಣು ಹಾಯಿಸುತ್ತಾನೆ. ಅವನ ಕೈಯಲ್ಲಿ ಮೊದಲು ಬರುವುದು ಪುಟ್ಟ ಟಾರ್ಚು, ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಚಿಕ್ಕ ಕನ್ನಡಿ.

ಮಾರ್ಟಿನ್ ಗಿಟಾರಿನ ವಯಸ್ಸು ಪತ್ತೆಹಚ್ಚುವುದು ಎಲ್ಲಕ್ಕಿಂತ ಸುಲಭ. 1898ರಲ್ಲಿ 8000ದಿಂದ ಶುರುಮಾಡಿದ ಕ್ರಮಸಂಖ್ಯೆಯನ್ನು ಕಂಪನಿ ಸಾಲಾಗಿ ಮುಂದುವರಿಸಿದೆ. ಒಡಲಿನ ಒಳಗೆ, ನೆಕ್ ಬಂದು ಕೂಡುವ ಮರದ ತುಂಡಿನ ಮೇಲೆ ಅದು ಅಚ್ಚಾಗಿರುತ್ತದೆ. 1969ರ ಕೊನೆಯ ಸಂಖ್ಯೆ 256003. 1898ಕ್ಕೂ ಹಿಂದಿನ ಗಿಟಾರುಗಳಲ್ಲಿ ‘ನ್ಯೂಯಾರ್ಕ್’ ಎಂಬ ಮುದ್ರೆ ಕಂಡು ಮೋಸಹೋಗುವವರಿದ್ದಾರೆ. ಕಂಪನಿ 1839ರ ಹೊತ್ತಿಗೇ ಪೆನ್ಸಿಲ್ವೇನಿಯಾದ ನಜರೆತ್ ಊರಿಗೆ ಹೋಗಿ ನೆಲೆಸಿತ್ತು. ಮುದ್ರೆ ಮಾತ್ರ 1898ರವರೆಗೂ ಹಳೆಯದೇ.

ಗಿಬ್ಸನ್ ಕಂಪನಿಯದು ಹಾಗಲ್ಲ. 1960ರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ಗಿಟಾರುಗಳಿಗೆ ಒತ್ತಿ ಕೂತಿದ್ದಾರೆ. ಸಂಖ್ಯೆಯನ್ನು ಬದಿಗಿಟ್ಟು ಅಂಗಾಂಗ ಪರೀಕ್ಷೆಗೆ ಇಳಿಯದೆ ಗತಿಯಿಲ್ಲ. 1965ರಲ್ಲಿ ತಂತಿಗಳು ಕೂರುವ ನಟ್‌ನ ಅಗಲ ಸುಮಾರು 43 ಮಿಲಿಮೀಟರಿನಿಂದ 40ಕ್ಕೆ ಇಳಿಯಿತು. ತಲೆಯ ಹಿಂಬದಿಯ ‘ಮೇಡ್ ಇನ್ ಯುಎಸ್‌ಎ’ ಅಚ್ಚು 1970ರ ಸುಮಾರಿಗೆ ಬಂತು. ಇಂಥ ಎರಡು ಮೂರು ಸಾಕ್ಷಿ ಒಂದೇ ಕಡೆಗೆ ಬೆರಳು ತೋರಿಸಿದರೆ ಸರಿ. ಒಂದಕ್ಕೊಂದು ಜಗಳವಾಡಿದರೆ ಯಾರೋ ನಡುವೆ ಕೈಯಾಡಿಸಿದ್ದಾರೆ ಎಂದೇ ಅರ್ಥ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ವಾಲ್ಯೂಮ್ ಗುಂಡಿಯ ಅಡಿಯ ಪಾಟ್ (ಪೊಟೆನ್ಶಿಯೋಮೀಟರ್) ಕೂಡ ಸಾಕ್ಷಿ ಹೇಳುತ್ತದೆ. ಅದರ ಮೈಮೇಲೆ 1376633 ಎಂದಿದೆ ಎನ್ನಿ. 137 ಎಂದರೆ ತಯಾರಕ ಸಿಟಿಎಸ್ ಕಂಪನಿ, 66 ಎಂದರೆ ಇಸವಿ, 33 ಎಂದರೆ ವಾರ. ಪಾಟ್ ಕೂರಿಸಿದ ಬೆಸುಗೆ ಮೂಲದ್ದೇ ಆಗಿದ್ದರೆ ಗಿಟಾರ್ 1966ರ ಆಗಸ್ಟಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸದಾಗಿರಬಹುದು, ಏಕೆಂದರೆ ಕಾರ್ಖಾನೆಗಳು ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ವರ್ಷಗಟ್ಟಲೆ ಬಳಸುತ್ತಿದ್ದವು.

ಮರದ ಕಥೆಯಲ್ಲಿ ನಮ್ಮ ಕಡೆಯ ನಂಟೊಂದಿದೆ. ಮಾರ್ಟಿನ್‌ನ ಹೆಸರಾಂತ ಡಿ-28 ಗಿಟಾರಿನ ಬೆನ್ನು ಮತ್ತು ಪಕ್ಕೆಗಳು 1969ರವರೆಗೆ ಬ್ರೆಜಿಲ್‌ನ ರೋಸ್‌ವುಡ್‌ನವು. ಆಮೇಲೆ ಬಂದದ್ದು ಭಾರತದ ರೋಸ್‌ವುಡ್, ಅಂದರೆ ಮಲೆನಾಡಿನ ಹಳೆಯ ಮನೆಗಳಲ್ಲಿ ಮಂಚ, ಕುರ್ಚಿಗಳಾಗಿ ನಿಂತಿರುವ ಬೀಟೆ. ಬ್ರೆಜಿಲ್‌ನ ಮರಕ್ಕೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಆ ಮರದ ಗಿಟಾರನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಿ ಮಾರಲಾಗದು. ಬೆಲೆಯಲ್ಲಿ ಬ್ರೆಜಿಲ್‌ನದ್ದು ಬಹಳ ಮೇಲೆ. ನಾದದಲ್ಲೂ ಅಷ್ಟೇ ಅಂತರವಿದೆ ಎಂದು ಹೇಳುವವರು ಹೆಚ್ಚಾಗಿ ಅದನ್ನು ಮಾರುವವರೇ.

ಗುರುತು ಸಿಕ್ಕಿತು. ಇನ್ನು ದುರಸ್ತಿ ಮಾಡಿಸಬೇಕೆ, ಬೇಡವೆ?

ಮಾಡಿಸಲೇಬೇಕಾದ ಕೆಲಸವೊಂದಿದೆ. ಸ್ಟೀಲ್ ತಂತಿಗಳು ಆರೂ ಸೇರಿ ಸುಮಾರು 70 ಕಿಲೋ ಭಾರದಷ್ಟು ಜಗ್ಗುತ್ತಲೇ ಇರುತ್ತವೆ. ದಶಕಗಳು ಕಳೆಯುವಷ್ಟರಲ್ಲಿ ನೆಕ್ ಮುಂದಕ್ಕೆ ಬಾಗಿ, ತಂತಿ ಮೇಲೆದ್ದು, ಬೆರಳು ಒತ್ತಲಾಗದ ಸ್ಥಿತಿ ಬರುತ್ತದೆ. ಫ್ರೆಟ್‌ಗಳ ಮೇಲೆ ಉದ್ದನೆಯ ನೇರ ಪಟ್ಟಿ ಇಟ್ಟು ನೋಡಿ. ಅದರ ತುದಿ ಬ್ರಿಡ್ಜ್‌ನ ಮೇಲ್ಮೈಯನ್ನು ಸವರಿದರೆ ಕ್ಷೇಮ. ಅದಕ್ಕಿಂತ ಕೆಳಗೆ ಹೋಗಿ ಬಡಿದರೆ ನೆಕ್ ಬಿಚ್ಚಿ, ಕೋನ ಸರಿಪಡಿಸಿ, ಮತ್ತೆ ಕೂರಿಸಬೇಕು. ಹಿಂದಿನವರು ಪ್ರಾಣಿಜನ್ಯ ಅಂಟು ಬಳಸುತ್ತಿದ್ದರು. ಹಬೆ ಕೊಟ್ಟರೆ ಅದು ಬಿಡುತ್ತದೆ. ಇದು ಗಿಟಾರಿನ ಮಾನ ಕಳೆಯುವ ಕೆಲಸವಲ್ಲ, ಆಯುಸ್ಸು ಕೊಡುವ ಕೆಲಸ. ನಡುವೆ ಯಾರಾದರೂ ಆ ಕೀಲಿಗೆ ಎಪಾಕ್ಸಿ ಸುರಿದಿದ್ದರೆ ಮಾತ್ರ ಮುಂದಿನ ಕಾರೀಗರನ ಪಾಡು ದೇವರಿಗೇ ಪ್ರೀತಿ.

ಮಾಡಿಸಬಾರದ್ದು ಹೊಸ ಬಣ್ಣ, ಹೊಸ ಪಾಲಿಶ್. ಅಸಲಿ ಮೆರುಗನ್ನು ಕೆರೆದು ಮತ್ತೆ ಬಳಿದ ಗಿಟಾರಿಗೆ ಅರ್ಧ ಬೆಲೆ ಎಂಬುದು ವ್ಯಾಪಾರಿಗಳ ರೂಢಿಯ ಲೆಕ್ಕ. ಬಚ್ಚಿಡಲೂ ಆಗುವುದಿಲ್ಲ: ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ನೇರಳಾತೀತ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತದೆ, ತೇಪೆ ಹಾಕಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ.

ಈ ವಿವೇಕಕ್ಕೆ ಗಾಯಕ ವಿಲ್ಲಿ ನೆಲ್ಸನ್ ಅವರ ‘ಟ್ರಿಗರ್’ಗಿಂತ ಒಳ್ಳೆಯ ನಿದರ್ಶನ ಸಿಗದು. 1969ರಲ್ಲಿ ಕೊಂಡ ಮಾರ್ಟಿನ್ ಎನ್-20 ಅದು. ನೈಲಾನ್ ತಂತಿಯ ಗಿಟಾರ್. ನುಡಿಸಿ ನುಡಿಸಿ ಮೇಲುಹಲಗೆ ಸವೆದು, ಸೌಂಡ್ ಹೋಲ್ ಪಕ್ಕದಲ್ಲಿ ಇನ್ನೊಂದು ತೂತೇ ಬಿದ್ದಿದೆ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಅದನ್ನು ನೋಡಿಕೊಳ್ಳುವ ಮಾರ್ಕ್ ಅರ್ಲ್‌ವೈನ್ ಆ ತೂತನ್ನು ಮುಚ್ಚಲು ಹೋಗಿಲ್ಲ. ಒಳಗಿನ ಆಸರೆಪಟ್ಟಿಗಳನ್ನು ಗಟ್ಟಿಮಾಡಿ, ಲ್ಯಾಕರ್‌ನ ತೆಳು ಪದರ ಹಚ್ಚಿ ಕೊಡುತ್ತಾ ಬಂದಿದ್ದಾರೆ. ಗಿಟಾರ್ ವೇದಿಕೆಯ ಮೇಲೆ ದುಡಿಯುತ್ತಲೇ ಇದೆ.

ದೋಷವೇ ಸೊತ್ತಾದ ಗಿಟಾರೂ ಉಂಟು. ಫ್ಲೀಟ್‌ವುಡ್ ಮ್ಯಾಕ್‌ನ ಗಿಟಾರ್ ವಾದಕ ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಗಿಬ್ಸನ್ ಲೆಸ್ ಪಾಲ್‌ನಲ್ಲಿ ತಂತಿಯ ಕಂಪನ ಹಿಡಿಯುವ ಒಂದು ಪಿಕಪ್‌ನ ಅಯಸ್ಕಾಂತ ತಿರುಗುಮುರುಗಾಗಿತ್ತು. ಎರಡು ಪಿಕಪ್‌ಗಳನ್ನೂ ಒಟ್ಟಿಗೆ ಬಳಸಿದಾಗ ಹೊರಟ ಟೊಳ್ಳು ನಾದವೇ ಅದರ ಗುರುತಾಯಿತು. ಮುಂದೆ ಗ್ಯಾರಿ ಮೂರ್, ಅವರ ನಂತರ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಅದರ ಒಡೆಯರಾದರು. ಯಾರಾದರೂ ಶಿಸ್ತಿನ ಮೆಕ್ಯಾನಿಕ್ ಅದನ್ನು ‘ಸರಿ’ ಮಾಡಿದ್ದರೆ ಅದೂ ಇನ್ನೊಂದು ಲೆಸ್ ಪಾಲ್ ಆಗಿ ಉಳಿಯುತ್ತಿತ್ತು.

ನಮ್ಮ ಅಟ್ಟಗಳಿಂದ ಇಳಿಯುವುದು ಗಿಬ್ಸನ್ ಅಲ್ಲ, ಹೆಚ್ಚಿನಂಶ ಕೋಲ್ಕತ್ತದ ಗಿವ್ಸನ್. ಅಂಥದ್ದಕ್ಕೆ ನೆಕ್ ಬಿಚ್ಚಿಸುವ ಖರ್ಚು ಗಿಟಾರಿನ ಬೆಲೆಯನ್ನೇ ಮೀರೀತು. ಹೊಸ ತಂತಿ ಹಾಕಿ, ಆದಷ್ಟು ದಿನ ನುಡಿಸುವುದೇ ಜಾಣತನ. ಅಪ್ಪನದೋ ಚಿಕ್ಕಪ್ಪನದೋ ಎಂಬ ಮಮತೆಯಿದ್ದರೆ ಲೆಕ್ಕ ಬೇರೆ. ಯಾವುದೇ ಇರಲಿ, ಮೊದಲು ತಂತಿ ಸಡಿಲಿಸಿ, ಒಳಗಿನ ಅಚ್ಚುಗಳ ಫೋಟೊ ತೆಗೆದಿಟ್ಟುಕೊಳ್ಳಿ. ತಂತಿವಾದ್ಯದ ಕೆಲಸ ಬಲ್ಲವರಿಗಷ್ಟೇ ಕೊಡಿ, ಪೀಠೋಪಕರಣದ ಬಡಗಿಗೆ ಬೇಡ. ಬಿಚ್ಚಿದ ಹಳೆಯ ತಿರುಪು, ಬಿರಡೆ, ಬ್ರಿಡ್ಜ್ ಏನನ್ನೂ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ ಗಿಟಾರಿನ ಜೊತೆಗೇ ಇಡಿ.