ರಳ, ಶಕಟರೇಫ ಮತ್ತು ಕೀಲಿಮಣೆಯ ಸಂಕ್ಷೇಪಗಳು

ಯಳಂದೂರು ಸಂಚಿಯ ಹೊನ್ನಮ್ಮನ ಊರು. ಚಂಪೂಕವಿ ಷಡಕ್ಷರದೇವನಿಗೂ ಆ ಊರಿನ ಸಂಬಂಧವುಂಟು. ಹನೂರಿನ ಮಲೆಗಳಲ್ಲಿ ದೇವರ ಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆಯನ್ನು ಇಂದಿಗೂ ಹಾಡುತ್ತಾರೆ. ಯಳಂದೂರಿನ ಶಾಸನಗಳು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ 1898ರಲ್ಲಿಯೇ ಪ್ರಕಟವಾದುವು. 1956ರವರೆಗೆ ಮದರಾಸಿಗೆ ಸೇರಿದ್ದ ಕೊಳ್ಳೇಗಾಲದ ಶಾಸನಗಳಿಗೆ ಅದರಲ್ಲಿ ಎಡೆ ದೊರೆಯಲಿಲ್ಲ. ಇಂಥ ಸಾಮಗ್ರಿಯನ್ನು ಗಣಕಕ್ಕೆ ಏರಿಸುವಾಗ ಕೀಲಿಮಣೆಯ ಮೇಲೆ ಕಾಣದ ಅಕ್ಷರಗಳನ್ನು ಬರೆಯುವ ಬಗೆ ಯಾವುದೆಂಬುದೇ ಇಲ್ಲಿ ನಮ್ಮ ವಿಚಾರ.

ಕೇಶಿರಾಜನು ವಿವರಿಸಿರುವ ರಳ (ೞ), ಶಕಟರೇಫ (ಱ)ಗಳು ಬರಿಯ ಅಲಂಕಾರವಲ್ಲ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು; ಅಳಿ ದುಂಬಿ, ಅೞಿ ನಾಶವಾಗು; ಅರಿ ಕತ್ತರಿಸು, ಅಱಿ ತಿಳಿ. ಹಾಡಿನಲ್ಲಿ ಎಳೆದ ಸ್ವರವನ್ನು ತೋರಿಸಲು ಅವಗ್ರಹ (ಽ) ಬೇಕಾಗುತ್ತದೆ.

ಇವುಗಳಿಗಾಗಿ ಕಮಾಂಡ್ ಲೈನಿನಲ್ಲಿ ನಡೆಯುವ ಸಣ್ಣ ಉಪಕರಣಗಳಿವೆ. ಎರಡು ಮೂರು ಕೀಲಿಗಳ ಸಂಕ್ಷೇಪವನ್ನೊತ್ತಿದರೆ ಬೇಕಾದ ಅಕ್ಷರ ಮೂಡುತ್ತದೆ. ಲಿನಕ್ಸಿನ ಕಂಪೋಸ್ ಕೀಲಿಯೂ ಇದೇ ಜಾತಿಯದು. ಸಂಕ್ಷೇಪಗಳನ್ನು ಒಂದು ಸರಳ ಕಡತದಲ್ಲಿ ನಾವೇ ಬರೆದಿಡಬಹುದು. ಆ ಕಡತವನ್ನು ಸಹೋದ್ಯೋಗಿಗಳೆಲ್ಲ ಹಂಚಿಕೊಂಡರೆ ಪಾಠಗಳಲ್ಲಿ ಏಕರೂಪತೆ ಬರುತ್ತದೆ. ಇದು ಮೆಚ್ಚತಕ್ಕ ಗುಣ.

ಅಕ್ಷರವನ್ನು ಹೆಸರಿನಿಂದ ಹುಡುಕುವ ಉಪಕರಣಗಳ ವಿಷಯ ಬೇರೆ. ಯೂನಿಕೋಡಿನಲ್ಲಿ ೞ ಅಕ್ಷರಕ್ಕೆ 0ಸಿಡಿಇ ಎಂಬ ಸ್ಥಾನವಿದೆ. ಆದರೆ ಅಲ್ಲಿ ಅದಕ್ಕೆ ತಪ್ಪಾಗಿ ‘ಎಫ್‌ಎ’ ಎಂಬ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದುದರಿಂದ ‘ಎಲ್‌ಎಲ್‌ಎಲ್‌ಎ’ ಎಂಬ ತಿದ್ದುಪಡಿಯ ಪರ್ಯಾಯನಾಮವನ್ನು ಸೇರಿಸಲಾಯಿತು. ಪರ್ಯಾಯನಾಮಗಳನ್ನು ನೋಡದ ಉಪಕರಣದಲ್ಲಿ ರಳವನ್ನು ಅದರ ಸರಿಯಾದ ಹೆಸರಿನಿಂದ ಹುಡುಕಿದ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ. ಅವನು ಳಕಾರವನ್ನೊತ್ತಿ ಮುಂದೆ ಸಾಗುತ್ತಾನೆ.

ಇದಕ್ಕಿಂತ ದೊಡ್ಡ ಅಪಾಯ ಇಡೀ ಪದಗಳನ್ನು ತಾನಾಗಿಯೇ ತಿದ್ದುವ ಸಂಕ್ಷೇಪಗಳಲ್ಲಿದೆ. ‘ಬಾಳ್’ ಎಂದೊಡನೆ ‘ಬಾೞ್’ ಎಂದು ಮಾರ್ಪಡಿಸುವ ಸೌಕರ್ಯ ಮೇಲ್ನೋಟಕ್ಕೆ ವಿದ್ವತ್ತಿನಂತೆ ತೋರುತ್ತದೆ. ಆದರೆ ಕತ್ತಿಯ ಅರ್ಥದ ಬಾಳೂ ಆಗ ಕೆಡುತ್ತದೆ. ಅಷ್ಟೇ ಅಲ್ಲ, ಕಾಲಕ್ರಮದಲ್ಲಿ ರಳವು ಭಾಷೆಯಿಂದ ಮರೆಯಾದಂತೆ ಲಿಪಿಕಾರರೇ ಳಕಾರವನ್ನು ಬರೆಯತೊಡಗಿದರು. ಆ ಬೆರಕೆಯೇ ಧ್ವನಿಪರಿವರ್ತನೆಗೆ ಸಾಕ್ಷಿ. ಶಾಸನದ ಕಾಲನಿರ್ಣಯಕ್ಕೂ ಅದು ಒಂದು ಆಧಾರ. ಯಂತ್ರವು ಅದನ್ನು ಶುದ್ಧಗೊಳಿಸಿದರೆ ಮುಂದಿನ ಸಂಶೋಧಕನಿಗೆ ಕಲ್ಲಿನ ಪಾಠ ಉಳಿಯದೆ ಉಪಕರಣದ ಪಾಠ ಮಾತ್ರ ಉಳಿಯುತ್ತದೆ.

ಆದುದರಿಂದ ಒಂದೊಂದು ಅಕ್ಷರವನ್ನು ಬರೆಯುವವನ ನಿರ್ಧಾರದಿಂದಲೇ ಮೂಡಿಸುವ ಸಂಕ್ಷೇಪಗಳನ್ನು ನಾವು ಒಪ್ಪುತ್ತೇವೆ. ಪದವನ್ನು ತಾನಾಗಿ ತಿದ್ದುವವನ್ನು ಪಾಠಸಂಪಾದನೆಯಿಂದ ದೂರವಿಡಬೇಕೆನ್ನುತ್ತೇವೆ. ಸಂಪಾದಕನ ತಿದ್ದುಪಡಿ ಅಡಿಟಿಪ್ಪಣಿಯಲ್ಲಿರಲಿ, ಮೂಲದ ಅಕ್ಷರ ಪಾಠದಲ್ಲಿರಲಿ. ವಿಭಾಗದ ವಿದ್ಯಾರ್ಥಿಗಳು ತಮ್ಮ ಸಂಕ್ಷೇಪಗಳ ಕಡತವನ್ನೂ ಪ್ರತಿಲಿಪಿಯೊಡನೆ ಒಪ್ಪಿಸುವುದು ಯುಕ್ತ. ಯಾವ ಅಕ್ಷರ ಹೇಗೆ ಬಂದಿತೆಂಬುದನ್ನು ಆಗ ಪರೀಕ್ಷಿಸಲು ಸಾಧ್ಯವಾಗುತ್ತದೆ.