ಮೊಲದ ಹಿಂದೆ ವಾದ್ಯವೃಂದ

ಕಾರ್ಟೂನ್ ನೋಡಲು ಟಿಕೆಟ್ ಕೊಂಡು ಸಂಗೀತ ಸಭಾಂಗಣಕ್ಕೆ ಹೋಗುವುದೆಂದಾಗ ಮೊದಲು ನಮಗೂ ನಗು ಬಂದಿತ್ತು. ಮಕ್ಕಳು ಊಟದ ತಟ್ಟೆ ಮುಂದಿಟ್ಟುಕೊಂಡು ಟಿ.ವಿ.ಯಲ್ಲಿ ನೋಡುವ ಬಗ್ಸ್ ಬನ್ನಿ ಎಂಬ ಮೊಲವನ್ನು ಅಮೆರಿಕದ ನಗರವೊಂದರಲ್ಲಿ, ಕೋಟು ತೊಟ್ಟವರ ನಡುವೆ ಕುಳಿತು ನೋಡಿದೆವು. 'ಬಗ್ಸ್ ಬನ್ನಿ ಅಟ್ ದಿ ಸಿಂಫನಿ' ಎಂಬ ಈ ಕಾರ್ಯಕ್ರಮ 1990ರಲ್ಲಿ 'ಬಗ್ಸ್ ಬನ್ನಿ ಆನ್ ಬ್ರಾಡ್‌ವೇ' ಎಂಬ ಹೆಸರಿನಲ್ಲಿ ಆರಂಭವಾದದ್ದು. ವಾದ್ಯವೃಂದವನ್ನು ನಡೆಸುವ ಜಾರ್ಜ್ ಡಾಹರ್ಟಿ ಅದರ ರೂವಾರಿ. ಕ್ರಮ ಸರಳ. ದೊಡ್ಡ ಪರದೆಯ ಮೇಲೆ ಹಳೆಯ ಚಿತ್ರ, ಪಾತ್ರಗಳ ಮಾತೂ ಹಳೆಯದೇ. ಸಂಗೀತವನ್ನು ಮಾತ್ರ ಕೆಳಗೆ ಕುಳಿತವರು ಆಗಲೇ ನುಡಿಸುತ್ತಾರೆ.

ಈ ಸಂಗೀತದ ಬಹುಪಾಲು ಹಿರಿಮೆ ಕಾರ್ಲ್ ಸ್ಟಾಲಿಂಗ್ ಅವರದು. ಮೂಕಿ ಚಿತ್ರಗಳ ಕಾಲದಲ್ಲಿ ಕಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಪರದೆ ನೋಡುತ್ತಾ ಆರ್ಗನ್ ನುಡಿಸುತ್ತಿದ್ದವರು ಅವರು. ಡಿಸ್ನಿಯವರ ಬಳಿ ಸ್ವಲ್ಪ ಕಾಲ ದುಡಿದು, 1936ರಿಂದ 1958ರವರೆಗೆ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕಾರ್ಟೂನಿಗೆ ಸಂಗೀತ ಬರೆದರು. (ನಮ್ಮ ದೇಶದಲ್ಲೂ ಆಗ ಪರದೆಯ ಬಳಿ ಹಾರ್ಮೋನಿಯಂ, ತಬಲಾದವರು ಕೂರುತ್ತಿದ್ದರು. ಟಾಕಿ ಬಂದ ಮೇಲೆ ಅವರ ಪಾಡೇನಾಯಿತೆಂದು ಕೇಳಿದವರು ಕಡಿಮೆ.) ಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಮೊಲದ ಕಾಲು ಯಾವ ಚೌಕಟ್ಟಿನಲ್ಲಿ ನೆಲ ಮುಟ್ಟುತ್ತದೋ ಅಲ್ಲೇ ಡ್ರಮ್ಮಿನ ಪೆಟ್ಟು ಬೀಳಬೇಕು. ಅದಕ್ಕೆಂದೇ ವಾದಕರ ಕಿವಿಗೆ ಟಿಕ್ ಟಿಕ್ ಎಂಬ ತಾಳ ಕೇಳಿಸುವ ಪದ್ಧತಿ ಬಂತು. ಅದನ್ನು ಬೆಳೆಸಿದವರಲ್ಲಿ ಸ್ಟಾಲಿಂಗ್ ಒಬ್ಬರು. ಬೇರೆ ಕಛೇರಿಯಲ್ಲಾದರೆ ನಿರ್ದೇಶಕರು ಕೈ ಎತ್ತಿ ಒಂದು ಸ್ವರವನ್ನು ಅರೆಗಳಿಗೆ ಹಿಡಿದು ನಿಲ್ಲಿಸಬಹುದು. ಇಲ್ಲಿ ಮೊಲ ಯಾರಿಗೂ ಕಾಯುವುದಿಲ್ಲ.

1950ರ 'ರ‍್ಯಾಬಿಟ್ ಆಫ್ ಸೆವಿಲ್'ನಲ್ಲಿ ಬೇಟೆಗಾರ ಎಲ್ಮರ್ ಫಡ್ ಮೊಲವನ್ನು ಅಟ್ಟಿಸಿಕೊಂಡು ಒಪೆರಾ ರಂಗಕ್ಕೇ ನುಗ್ಗುತ್ತಾನೆ. ಮೊಲ ಕ್ಷೌರಿಕನಾಗಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೋಳುತಲೆಯನ್ನು ಕೈಕಾಲು ಎರಡರಿಂದಲೂ ತಿಕ್ಕುತ್ತದೆ. ರೊಸ್ಸಿನಿಯ ಸಂಗೀತ ಆ ಬೆರಳುಗಳ ಜತೆ ಓಡುವಾಗ ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು, ನಾವೂ ನಕ್ಕೆವು. ನಕ್ಕು ಮುಗಿದಾಗ ಒಂದು ವಿಷಯ ಹೊಳೆಯಿತು: ಎದುರಿಗಿದ್ದ ಪಿಟೀಲುಗಾರರ ಕಡೆ ನಾವು ಒಮ್ಮೆಯೂ ನೋಡಿರಲಿಲ್ಲ. ಚೆನ್ನಾಗಿ ನುಡಿಸಿದಷ್ಟೂ ಅವರು ಮಾಯವಾಗುತ್ತಾರೆ. ಈ ಕಾರ್ಯಕ್ರಮದ ದೊಡ್ಡ ಕೊರತೆ ಇದು. ಒಂದು ಚಿತ್ರದ ಸಂಗೀತವನ್ನಾದರೂ ಪರದೆ ಆರಿಸಿ ಮೊದಲು ಕೇಳಿಸಿ, ಆಮೇಲೆ ಚಿತ್ರ ತೋರಿಸಿದ್ದರೆ ಸ್ಟಾಲಿಂಗ್ ಎಂಥ ಕೆಲಸಗಾರರೆಂದು ಮಕ್ಕಳಿಗೂ ತಿಳಿಯುತ್ತಿತ್ತು.

ಇನ್ನು 'ವಾಟ್ಸ್ ಒಪೆರಾ, ಡಾಕ್?' ಚಕ್ ಜೋನ್ಸ್ 1957ರಲ್ಲಿ ನಿರ್ದೇಶಿಸಿದ್ದು, ಸಂಗೀತ ಹೊಂದಿಸಿದವರು ಮಿಲ್ಟ್ ಫ್ರಾಂಕ್ಲಿನ್. ವ್ಯಾಗ್ನರನ ಗಂಟೆಗಟ್ಟಲೆಯ ಒಪೆರಾಗಳನ್ನು ಏಳು ನಿಮಿಷಕ್ಕೆ ಇಳಿಸಲಾಗಿದೆ. ವ್ಯಾಗ್ನರ್ 1850ರಲ್ಲಿ ಸಂಗೀತದಲ್ಲಿ ಯಹೂದಿಗಳ ಪಾತ್ರವನ್ನು ಹೀಯಾಳಿಸಿ ಲೇಖನ ಬರೆದವನು. ವಾರ್ನರ್ ಸಹೋದರರೋ ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದವರು. ಅವರ ಕಂಪೆನಿಯ ಚಿತ್ರದಲ್ಲಿ ಅವನ ವೀರರ ಶಿರಸ್ತ್ರಾಣ ಎಲ್ಮರನಂಥ ಪೆದ್ದನ ತಲೆಯೇರಿದೆ. ಅವಮಾನಿತರು ಅಹಂಕಾರಿಯನ್ನು ನೋಡಿ ನಗುವ ಈ ನಗುವಿಗೆ ನಾವು ಮನಸಾರೆ ಸೇರುತ್ತೇವೆ.

ಆದರೆ ಅದೇ 1957ರಲ್ಲಿ ಅದೇ ಜೋನ್ಸ್ ಇನ್ನೊಂದು ಚಿತ್ರ ಮಾಡಿದರು: 'ಅಲಿಬಾಬಾ ಬನ್ನಿ'. ಆ ರಾತ್ರಿಯ ಪಟ್ಟಿಯಲ್ಲಿ ಅದಿರಲಿಲ್ಲ. ಅದರಲ್ಲಿ ಗುಹೆಯ ನಿಧಿ ಕಾಯುವ ದೈತ್ಯ ಕಾವಲುಗಾರನ ಹೆಸರು ಹಸನ್. ಕೈಯಲ್ಲಿ ಕತ್ತಿ, ತಲೆಯಲ್ಲಿ ಏನೂ ಇಲ್ಲ. ಬಾಗಿಲು ತೆರೆಯುವ ಮಂತ್ರವೇ ಅವನಿಗೆ ನೆನಪಿಲ್ಲ. ಕಡಿಯುತ್ತೇನೆ ಎಂಬುದಷ್ಟೇ ಅವನ ಮಾತು. ಪ್ರವಾದಿವರ್ಯರ(ಸ) ಮೊಮ್ಮಗನ ಹೆಸರದು, ನಮ್ಮ ಎಷ್ಟೋ ಮನೆಗಳ ಮಕ್ಕಳ ಹೆಸರೂ ಹೌದು. ಆ ಹೆಸರಿನ ಹುಡುಗ ಕ್ಲಾಸಿನ ಗೆಳೆಯರೊಂದಿಗೆ ಕುಳಿತು ಅದನ್ನು ನೋಡುವ ಗಳಿಗೆಯನ್ನು ಊಹಿಸಿಕೊಳ್ಳಿ. ಕರಿಯರನ್ನು ವಿಕಾರವಾಗಿ ಚಿತ್ರಿಸಿದ 11 ಕಾರ್ಟೂನುಗಳು 1968ರಲ್ಲಿ ಪ್ರಸಾರದಿಂದ ಹಿಂದೆ ಸರಿದವು. 2005ರ ಡಿವಿಡಿ ಸಂಗ್ರಹವೊಂದರಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಅವರೇ ಬಂದು, ಇವುಗಳಲ್ಲಿ ತಪ್ಪುಗಳಿವೆ, ಆದರೆ ಮುಚ್ಚಿಡುವುದು ಸರಿಯಲ್ಲ ಎಂಬರ್ಥದ ಮಾತಾಡಿದ್ದಾರೆ. ನಮ್ಮ ಅಭಿಪ್ರಾಯವೂ ಅದೇ. ಬೇಡದ್ದನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನು ಸುವರ್ಣಯುಗವೆಂದು ಮೆರೆಸುವುದಕ್ಕಿಂತ, ಹಸನನನ್ನೂ ತೋರಿಸಿ ಎರಡು ಮಾತು ಆಡುವುದು ಮೇಲು.

ಆಡಲು ಮಾತೂ ಬೇಕಾದಷ್ಟಿದೆ. ಕಾರ್ಟೂನಿನಲ್ಲಿ ಯಾರಾದರೂ ಗೋಡೆಗೆ ಅಪ್ಪಳಿಸಿದಾಗ ಝಣ್ ಎನ್ನುವ ಕಂಚಿನ ತಾಳ, ದೊಡ್ಡ ಡ್ರಮ್ಮು – ಇವು ಯುರೋಪಿನ ವಾದ್ಯವೃಂದಕ್ಕೆ ಬಂದದ್ದು 18ನೇ ಶತಮಾನದಲ್ಲಿ, ಉಸ್ಮಾನಿ ತುರ್ಕರ ಸೇನಾವಾದ್ಯವಾದ ಮೆಹ್ತರ್‌ನಿಂದ. ಇಂದಿಗೂ ಹೆಸರುವಾಸಿಯಾದ ಝಿಲ್ಜಿಯನ್ ತಾಳಗಳು 17ನೇ ಶತಮಾನದ ಇಸ್ತಾಂಬುಲಿನ ಅರ್ಮೇನಿಯನ್ ಕುಟುಂಬವೊಂದರ ಕೈಕಸುಬು. ಮೊಜಾರ್ಟ್ 1782ರಲ್ಲಿ ಈ ತುರ್ಕಿ ಸದ್ದನ್ನೇ ಬಳಸಿ ಅಂತಃಪುರದ ಕಥೆಯ ಒಪೆರಾ ಬರೆದ. ಅದರಲ್ಲಿ ಓಸ್ಮಿನ್ ಎಂಬ ಕಾವಲುಗಾರನಿದ್ದಾನೆ. ಸಿಡುಕ, ಮಂದಮತಿ, ಕೊಲ್ಲುವ ಮಾತಿಲ್ಲದೆ ಬಾಯಿ ತೆರೆಯದವನು. ಹಸನನ ಮುತ್ತಜ್ಜ ಎನ್ನಿ. ಆದರೆ ಅದೇ ಕಥೆಯಲ್ಲಿ ಪಾಷಾ ಸಲೀಮನೂ ಇದ್ದಾನೆ. ತನ್ನ ಹಗೆಯ ಮಗನೇ ಕೈಗೆ ಸಿಕ್ಕಾಗ ಕ್ಷಮಿಸಿ, ಪ್ರೇಯಸಿಯೊಂದಿಗೆ ಊರಿಗೆ ಕಳುಹಿಸಿಕೊಡುತ್ತಾನೆ. ಹಾಲಿವುಡ್ಡಿನ ಕಾರ್ಟೂನು ಓಸ್ಮಿನನನ್ನು ಇಟ್ಟುಕೊಂಡಿತು, ಸಲೀಮನನ್ನು ಬಿಟ್ಟಿತು. ಮೊಜಾರ್ಟನೂ ಓಸ್ಮಿನನಿಗೆ ಸೊಗಸಾದ ಹಾಡುಗಳನ್ನು ಕೊಟ್ಟಿದ್ದಾನೆ. ಸಲೀಮನದು ಬರೀ ಮಾತಿನ ಪಾತ್ರ, ಅವನಿಗೊಂದು ಸಾಲಿನ ಹಾಡೂ ಇಲ್ಲ.

ಕಾರ್ಯಕ್ರಮ ಮುಗಿದು ದೀಪ ಹತ್ತಿದಾಗ ನಮ್ಮ ಪಕ್ಕದ ಸೀಟಿನ ಪುಟ್ಟ ಹುಡುಗ ವೇದಿಕೆಯ ಹಿಂಸಾಲಿನಲ್ಲಿದ್ದ ತಾಳದವನಿಗೆ ಕೈ ಬೀಸುತ್ತಿದ್ದ. ಅವನೂ ಎರಡೂ ತಾಳಗಳನ್ನು ಎತ್ತಿ ತೋರಿಸಿದ.